ಗೌನಿನ ಒಳಗೆ ಯಾರ ಹೆಬ್ಬೆಟ್ಟು?

ಮೊದಲೇ ಹೇಳಿಬಿಡ್ತೀನಿ, ನಾನು ಗೌನಿನ ವಿರೋಧಿ ಅಲ್ಲ.

ಕಳೆದ ಮದುವೆ ಸೀಸನ್ನಿನಲ್ಲಿ ನಮ್ಮ ಕಡೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫೋಟೊ ಓಡಾಡಿತು. ಮದ್ದೂರು ಹತ್ತಿರದ ಒಂದು ಛತ್ರ, ಆರತಕ್ಷತೆ. ಹುಡುಗಿ ವೈನ್ ಬಣ್ಣದ ಗೌನು ಹಾಕಿಕೊಂಡು, ಹಿಂದೆ ಎರಡು ಮಾರು ಟ್ರೇಲ್ ಬಿಟ್ಟುಕೊಂಡು ನಿಂತಿದ್ದಾಳೆ. ಕೆಳಗೆ ಕಾಮೆಂಟುಗಳು. "ರೇಷ್ಮೆ ಬೆಳೆಯೋ ಊರಲ್ಲಿ ಇದೇನು ವೇಷ?" "ಅಪ್ಪ ಹುಳ ಸಾಕ್ತಾನೆ, ಮಗಳು ಪಾಲಿಸ್ಟರ್ ಹಾಕ್ತಾಳೆ." "ಸಂಸ್ಕೃತಿ ಹಾಳಾಯ್ತು."

ಆ ಕಾಮೆಂಟು ಹಾಕಿದವರಲ್ಲಿ ಒಬ್ಬರ ಆರತಕ್ಷತೆಗೆ ನಾನೇ ಹೋಗಿ ಊಟ ಮಾಡಿ ಬಂದಿದ್ದೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಕೋಟು, ವೇಸ್ಟ್ ಕೋಟು, ಟೈ ಕಟ್ಟಿಕೊಂಡು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು. ಗಂಡು ಕೋಟು ಹಾಕಿದರೆ ಗತ್ತು, ಹೆಣ್ಣು ಗೌನು ಹಾಕಿದರೆ ಸಂಸ್ಕೃತಿ ಹಾಳು. ಈ ಜಗಳಕ್ಕೆ ನಾನು ಬರಲ್ಲ. ಬೆಳಿಗ್ಗೆ ಮುಹೂರ್ತಕ್ಕೆ ಅದೇ ಹುಡುಗಿ ರೇಷ್ಮೆ ಸೀರೆಯಲ್ಲೇ ಕೂತಿದ್ದಳು, ಆ ಫೋಟೊ ಯಾರೂ ಕಳಿಸಲಿಲ್ಲ, ಅಷ್ಟೆ.

ನನ್ನ ಜಗಳ ಬೇರೆ. ಯಾಕೆಂದರೆ ಆ ಗೌನನ್ನು ಮದುಮಗಳಿಗಿಂತ ಮೊದಲೇ ನಾನು ನೋಡಿದ್ದೆ. ಮದ್ದೂರಿನಿಂದ ಎಂಟು ಕಿಲೋಮೀಟರ್ ದೂರದ ಊರಲ್ಲಿ, ಶೀಟಿನ ಮನೆಯ ನಡುಮನೆಯಲ್ಲಿ, ಮರದ ಫ್ರೇಮಿಗೆ ಬಿಗಿದುಕೊಂಡು ಅದು ಹದಿಮೂರು ದಿನ ಬಿದ್ದಿತ್ತು. ಅದರ ಮುಂದೆ ಒಬ್ಬ ಅಕ್ಕ ಕೂತಿದ್ದರು.

ಅಕ್ಕನ ಹೆಸರು ಬರೆಯಲ್ಲ. ಬರೀತೀನಿ ಅಂದಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ಹೆಸ್ರು ಗಿಸ್ರು ಹಾಕ್‌ಬುಟ್ಟೀಯ ಕಣ್ ತಮ್ಮ, ಆಮ್ಯಾಕೆ ನಂಗೆ ಕೆಲ್ಸ ಕೊಡಾಕಿಲ್ಲ." ಹೆಸರಿನ ಬಗ್ಗೆಯೇ ಬರೆಯುತ್ತಿರುವ ಲೇಖನದಲ್ಲಿ ಹೆಸರು ಹಾಕೋಕೆ ಆಗದ ಪರಿಸ್ಥಿತಿ. ಇದನ್ನು ಮನಸ್ಸಲ್ಲಿ ಇಟ್ಟುಕೊಂಡು ಮುಂದೆ ಓದಿ.

ಆರಿ ವರ್ಕ್, ಮಗ್ಗಂ ವರ್ಕ್ ಅಂತ ನೀವು ಬ್ಲೌಸುಗಳಲ್ಲಿ ನೋಡಿರುತ್ತೀರಿ. ಹೇಗೆ ಮಾಡುತ್ತಾರೆ ಅಂತ ಎಷ್ಟು ಜನ ನೋಡಿದ್ದೀರೋ ಗೊತ್ತಿಲ್ಲ. ಮೊದಲು ಟ್ರೇಸಿಂಗ್ ಪೇಪರಿನ ಮೇಲೆ ಡಿಸೈನ್ ಬರೆದು, ಗೆರೆ ಉದ್ದಕ್ಕೂ ಸೂಜಿಯಲ್ಲಿ ಚುಚ್ಚಿ ತೂತು ಮಾಡಬೇಕು. ಆ ಪೇಪರನ್ನು ಬಟ್ಟೆ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಬಟ್ಟೆ ತುಂಡಲ್ಲಿ ಅದ್ದಿ ಒರೆಸಿದರೆ ಚುಕ್ಕಿ ಚುಕ್ಕಿಯಾಗಿ ಡಿಸೈನ್ ಇಳಿಯುತ್ತೆ. ಆಮೇಲೆ ಕೊಕ್ಕೆ ಇರೋ ಸೂಜಿ. ಬಲಗೈ ಮೇಲಿಂದ ಸೂಜಿ ಚುಚ್ಚುತ್ತೆ, ಎಡಗೈ ಬಟ್ಟೆ ಕೆಳಗೆ ದಾರ ಹಿಡಿದು ಕೊಕ್ಕೆಗೆ ಸಿಕ್ಕಿಸುತ್ತೆ. ಕೆಳಗಿನ ಕೈ ಕಣ್ಣಿಗೆ ಕಾಣಲ್ಲ, ಬೆರಳಿಗೆ ಗೊತ್ತಿರಬೇಕು. ಮಣಿ, ಚಮ್ಕಿ, ಜರ್ದೋಸಿ ಎಲ್ಲಾ ಹೀಗೇ ಒಂದೊಂದಾಗಿ ಕೂರಬೇಕು. ಇದು ಸರಪಳಿ ಹೊಲಿಗೆ. ಕೊನೆಯಲ್ಲಿ ಗಂಟು ಸರಿಯಾಗಿ ಬೀಳದಿದ್ದರೆ ಒಂದು ದಾರ ಎಳೆದರೆ ಸಾಲು ಪೂರ್ತಿ ಬಿಚ್ಚಿಕೊಂಡು ಬರುತ್ತೆ, ಮಣಿಗಳು ಛತ್ರದ ತುಂಬಾ ಉರುಳುತ್ತವೆ.

ಬ್ಲೌಸ್ ಬಟ್ಟೆಯ ಮೇಲೆ ಇದು ಕಷ್ಟ. ಗೌನಿನ ನೆಟ್ಟಿನ ಮೇಲೆ ಇನ್ನೂ ಕಷ್ಟ. ನೆಟ್ಟು ಅಂದರೆ ತೂತೇ ಬಟ್ಟೆ. ಚುಕ್ಕಿ ನಿಲ್ಲಲ್ಲ, ಮಣಿ ಭಾರಕ್ಕೆ ಜಗ್ಗುತ್ತೆ. ಫ್ರೇಮಿಗೆ ಜಾಸ್ತಿ ಬಿಗಿದರೆ ಬಿಚ್ಚಿದ ಮೇಲೆ ಸುಕ್ಕು, ಕಡಿಮೆ ಬಿಗಿದರೆ ಸೂಜಿ ಓಡಲ್ಲ.

ಆ ಗೌನಿಗೆ ಹುಡುಗಿ ಮೊಬೈಲಲ್ಲಿ ತಂದಿದ್ದ ಫೋಟೊ ಎಲ್ಲಿಂದ ಬಂತು ಅಂತ ಹುಡುಕಿದೆ. ಅದೇ ಫೋಟೊ ಅಲ್ಲ, ಆದರೆ ಅದರ ಅಜ್ಜಿ ಸಿಕ್ಕಿತು. 2002ರ ಮಾರ್ಚ್‌ನಲ್ಲಿ ಹಾಲಿವುಡ್ ನಟಿ ಹ್ಯಾಲಿ ಬೆರ್ರಿ ಆಸ್ಕರ್ ತಗೊಂಡಾಗ ಹಾಕಿದ್ದ ಗೌನು. ಕೆಳಗೆ ವೈನ್ ಬಣ್ಣದ ಬಟ್ಟೆ, ಮೇಲೆ ಮೈ ಕಾಣೋ ನೆಟ್ಟು, ನೆಟ್ಟಿನ ಮೇಲೆ ಕಸೂತಿಯ ಹೂಬಳ್ಳಿ. ಮಾಡಿದವರು ಲೆಬನಾನ್ ದೇಶದ ಬೇರೂತ್‌ನ ಎಲೀ ಸಾಬ್. ಚಿಕ್ಕ ಹುಡುಗನಾಗಿದ್ದಾಗಲೇ ಹೊಲಿಗೆ ಕಲಿತು, 1982ರಲ್ಲಿ ಹದಿನೆಂಟನೇ ವಯಸ್ಸಿಗೆ ಸ್ವಂತ ಅಂಗಡಿ ತೆರೆದ ಮನುಷ್ಯ. ಈಗ ಮಗನೂ ಕಂಪನಿ ನೋಡಿಕೊಳ್ಳುತ್ತಾರೆ. ಆ ಒಂದು ರಾತ್ರಿಯ ಗೌನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾಪಿ ಆಗುತ್ತಾ ಆಗುತ್ತಾ ನಮ್ಮ ಮದ್ದೂರಿಗೂ ಬಂದಿದೆ.

ಬಂದ ಮೇಲೆ ಏನಾಯ್ತು ನೋಡಿ. ಬೊಟಿಕ್ಕಿನವರು ಕಳಿಸಿದ ಟ್ರೇಸಿಂಗಿನಲ್ಲಿ ಬಳ್ಳಿ ಎದೆ ಭಾಗದಿಂದ ಹೊರಟು ಪಕ್ಕದ ಹೊಲಿಗೆ ಹತ್ತಿರ ಬರೋ ಹೊತ್ತಿಗೆ ಮುಂಭಾಗಕ್ಕೂ ಹಿಂಭಾಗಕ್ಕೂ ಕೂಡುತ್ತಲೇ ಇರಲಿಲ್ಲ. ಹಾಗೇ ಹೊಲಿದಿದ್ದರೆ ಎಲೆ ಅರ್ಧಕ್ಕೆ ತುಂಡಾಗಿ ಕಾಣುತ್ತಿತ್ತು. ಅಕ್ಕ ಅದನ್ನು ನೋಡಿದ ತಕ್ಷಣ ಹಿಡಿದರು. ಎಲೆ ತೆಗೆದು, ಹೊಲಿಗೆ ಬರೋ ಜಾಗಕ್ಕೆ ಕನಕಾಂಬರದ ಮೊಗ್ಗಿನ ಥರ ಉದ್ದುದ್ದ ಹನಿಗಳನ್ನು ಬರೆದುಕೊಂಡರು. ಹೊಲಿಗೆ ಅದರ ಮಧ್ಯೆ ಮಾಯವಾಯ್ತು. ಬೊಟಿಕ್ಕಿನ ಇನ್‌ಸ್ಟಾಗ್ರಾಮಿನಲ್ಲಿ ಆ ಗೌನಿನ ವಿಡಿಯೊ ಹಾಕಿದಾಗ ಎಲ್ಲರೂ ಹೊಗಳಿದ್ದು ಆ ಮೊಗ್ಗುಗಳನ್ನೇ. ಕೆಳಗೆ ಬರೆದಿತ್ತು, ಡಿಸೈನ್: ಅಂಗಡಿಯ ಹೆಸರು.

ಈಗ ಲೆಕ್ಕ. ಹದಿಮೂರು ದಿನ, ದಿನಕ್ಕೆ ಸರಾಸರಿ ಏಳು ಗಂಟೆ, ಒಟ್ಟು 91 ಗಂಟೆ. ಅಕ್ಕನಿಗೆ ಕೊಟ್ಟಿದ್ದು 2,600 ರೂಪಾಯಿ. ದಿನಕ್ಕೆ 200, ಗಂಟೆಗೆ 28 ರೂಪಾಯಿ ಚಿಲ್ಲರೆ. ಅದರಲ್ಲಿ ಮುರಿದ ಮೂರು ಸೂಜಿ ಅಕ್ಕನದೇ, ರಾತ್ರಿ ಕರೆಂಟೂ ಅಕ್ಕನದೇ. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಕೆರೆ ಹೂಳು ಎತ್ತೋಕೆ ಹೋಗಿದ್ದರೂ ಅಕ್ಕನಿಗೆ ಇದರ ಹತ್ತಿರ ಹತ್ತಿರ ಎರಡರಷ್ಟು ಸಿಗುತ್ತಿತ್ತು.

ಗೌನಿನ ಬಿಲ್ಲು ಎಷ್ಟು ಅಂತ ಹುಡುಗಿಯ ಅಪ್ಪನೇ ನನಗೆ ಹೇಳಿದರು. 38,000.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಆ ಬೊಟಿಕ್ ಉದ್ಘಾಟನೆ ಆದಾಗ ನಾನು ಕೆಲಸ ಮಾಡೋ ಪತ್ರಿಕೆಯ ಜಾಹೀರಾತು ಪುರವಣಿಗೆ ಬರೆದವನು ನಾನೇ. "ಮೂರು ತಲೆಮಾರಿನ ಹೊಲಿಗೆ ಪರಂಪರೆಯ ಕುಟುಂಬ", "ಪ್ಯಾರಿಸ್ ಮಾದರಿಯ ವಿನ್ಯಾಸ ಈಗ ಸಕ್ಕರೆ ನಾಡಿನಲ್ಲಿ", ಇಂಥ ಸಾಲುಗಳು. ಜಾಹೀರಾತಿನ ಕಮಿಷನ್ನೂ ತಗೊಂಡೆ. ಸ್ಟ್ರಿಂಗರ್‌ಗಳ ಬದುಕು ಗೊತ್ತಿರೋರಿಗೆ ಇದು ಹೊಸದಲ್ಲ. ನಮಗೂ ಸಂಬಳ ಇಲ್ಲ, ಸುದ್ದಿಗೆ ಇಷ್ಟು ಅಂತ ಲೆಕ್ಕ. ಒಳ್ಳೆ ಸುದ್ದಿ ಕೊಟ್ಟರೂ ಮೇಲೆ "ನಮ್ಮ ಪ್ರತಿನಿಧಿ" ಅಂತಲೇ ಬರುತ್ತೆ. ಅಕ್ಕನ ಮನೆಯಲ್ಲಿ ಕೂತು ಪೀಸ್ ರೇಟ್ ಬಗ್ಗೆ ಕೇಳುವಾಗ ಅವರೇ ನನ್ನನ್ನು ಕೇಳಿದರು: "ನಿಂಗೆ ಒಂದ್ ಸುದ್ದಿಗೆ ಏಟ್ ಕೊಡ್ತರೆ ತಮ್ಮ?" ಹೇಳಿದೆ. "ಅಯ್ಯೋ ಬುಡು, ನೀನೂ ನಮ್ ಥರವೇ" ಅಂದು ನಕ್ಕರು.

ಆ ಅಂಗಡಿಯ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಮಾತಿದೆ. ನಮ್ಮವರು ಅದನ್ನು "ಹಾಟೆ ಕೌಚರ್" ಅಂತ ಓದುತ್ತಾರೆ. ಫ್ರೆಂಚರು ಹೇಳೋದು "ಓತ್ ಕುತೂರ್" ಅಂತ. ಹಾಗಂದರೆ ಅತ್ಯುನ್ನತ ಹೊಲಿಗೆ. ಬೆಂಗಳೂರು, ಮೈಸೂರು ಬಿಡಿ, ಈಗ ಮಂಡ್ಯ, ಮಳವಳ್ಳಿಯ ಫ್ಲೆಕ್ಸುಗಳಲ್ಲೂ ಈ ಮಾತು ಬರುತ್ತಿದೆ. ಬರೆಸಿದವರಿಗೆ ಅದರ ಅರ್ಥ ಗೊತ್ತಿದ್ದರೆ ಬರೆಸುತ್ತಿರಲಿಲ್ಲ ಅನ್ನೋದು ನನ್ನ ಅನುಮಾನ.

ಫ್ರಾನ್ಸಿನಲ್ಲಿ ಯಾರು ಬೇಕಾದರೂ ಈ ಮಾತು ಬಳಸೋ ಹಾಗಿಲ್ಲ. 1945ರಿಂದ ಅದಕ್ಕೆ ಕಾನೂನಿನ ರಕ್ಷಣೆ ಇದೆ. ಬಟ್ಟೆ ಗಿರಾಕಿಯ ಅಳತೆಗೇ ಹೊಲಿದಿರಬೇಕು, ಹಾಕಿ ನೋಡಿ ಸರಿಮಾಡಿರಬೇಕು. ಹಗಲು ಉಡುಪು, ಸಂಜೆ ಉಡುಪು ಎರಡೂ ಇರೋ ಸಂಗ್ರಹವನ್ನು ವರ್ಷಕ್ಕೆ ಎರಡು ಸಲ ತೋರಿಸಬೇಕು. ಇದೆಲ್ಲ ಸರಿ, ನಮ್ಮ ಬೊಟಿಕ್ಕಿನವರೂ ಅಳತೆ ತಗೋತಾರೆ, ಟ್ರಯಲ್ ನೋಡ್ತಾರೆ. ಆದರೆ ಇನ್ನೊಂದು ಷರತ್ತಿದೆ. ಪ್ಯಾರಿಸ್ಸಿನಲ್ಲಿ ಸ್ವಂತ ಕಾರ್ಖಾನೆ ಕೋಣೆ ಇರಬೇಕು, ಅದರಲ್ಲಿ ಹದಿನೈದು ಇಪ್ಪತ್ತು ಜನ ಪೂರ್ಣಾವಧಿ ಕೆಲಸಗಾರರು ಇರಬೇಕು. ಪೂರ್ಣಾವಧಿ ಅಂದರೆ ಸಂಬಳದವರು. ಫೋಟೊ ಎಷ್ಟೇ ಚಂದ ಇರಲಿ, ಪಟ್ಟಿಯಲ್ಲಿ ಕೆಲಸಗಾರರು ಇಲ್ಲದಿದ್ದರೆ ಆ ಮಾತು ಬೋರ್ಡಿಗೆ ಏರಲ್ಲ.

ನಮ್ಮಲ್ಲಿ ಮಾತು ಬೋರ್ಡಿಗೆ ಏರಿದೆ, ಜನ ಪಟ್ಟಿಗೆ ಏರಿಲ್ಲ.

ಈ ಕಸುಬಿಗೆ ಹೆಸರಿನ ಹುಚ್ಚು ಹುಟ್ಟಿನಿಂದಲೇ ಬಂದಿದೆ ಅನ್ನಬೇಕು. 1858ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದ ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷಿನವನನ್ನೇ ಇದರ ಮೂಲಪುರುಷ ಅಂತಾರೆ. ಚಿತ್ರಕಾರ ಚಿತ್ರಕ್ಕೆ ಸಹಿ ಹಾಕೋ ಹಾಗೆ ಬಟ್ಟೆಯ ಒಳಗೆ ತನ್ನ ಹೆಸರಿನ ಪಟ್ಟಿ ಹೊಲಿಸಿದ ಮೊದಲಿಗರಲ್ಲಿ ಅವನೊಬ್ಬ. ಅದಕ್ಕೂ ಮುಂಚೆ ಬಹುಪಾಲು ದರ್ಜಿಗಳಿಗೆ ಹೆಸರಿರಲಿಲ್ಲ, ಗಿರಾಕಿ ಹೇಳಿದ್ದು ಹೊಲಿದು ಕೊಡೋದು ಅಷ್ಟೆ. 1895ರಲ್ಲಿ ಅವನು ಸತ್ತ ಮೇಲೆ ಮಕ್ಕಳು ಗಾಸ್ತೊಂ, ಜ್ಯಾಂ-ಫಿಲಿಪ್ ಅಂಗಡಿ ನಡೆಸಿದರು, ಆಮೇಲೆ ಮೊಮ್ಮಕ್ಕಳು. ಕುಟುಂಬದ ಅಂಗಡಿ ಅಂದರೆ ಹೀಗೆ. ಆಸ್ತಿ ಜೊತೆಗೆ ಹೆಸರೂ ಅಪ್ಪನಿಂದ ಮಗನಿಗೆ. ಅಲ್ಲಿ ಹೊಲಿಯುತ್ತಿದ್ದ ಸಾವಿರಕ್ಕೂ ಹೆಚ್ಚು ಹೆಂಗಸರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅವರನ್ನು ಕರೆಯುತ್ತಿದ್ದದ್ದು "ಪುಟ್ಟ ಕೈಗಳು" ಅಂತ.

ನನಗೆ ಇಷ್ಟವಾದದ್ದು ಇನ್ನೊಬ್ಬ ಹೆಂಗಸು, ಮ್ಯಾಡಲೀನ್ ವಿಯೊನೆ. ನಮ್ಮ ಊರಿನ ಟೈಲರಮ್ಮಂದಿರಿಗೆ ಈ ಹೆಸರು ಗೊತ್ತಿಲ್ಲದಿದ್ದರೂ ಆಕೆಯ ವಿದ್ಯೆ ಚೆನ್ನಾಗಿ ಗೊತ್ತು. "ಕ್ರಾಸ್ ಕಟ್" ಅಂತೀರಲ್ಲ, ಬಟ್ಟೆಯನ್ನು ನೂಲಿನ ನೇರಕ್ಕೆ ಇಡದೆ ಓರೆಯಾಗಿಟ್ಟು ಕತ್ತರಿಸೋದು, ಮೈಗೆ ಹಿಡಿದ ಹಾಗೆ ಕೂರುತ್ತೆ, ಎಳೆದರೆ ಹಿಗ್ಗುತ್ತೆ. ಬ್ಲೌಸಿನ ತುಂಡಿಗೆ ನಾವು ಮಾಡೋ ಆ ಕೆಲಸವನ್ನು ಇಡೀ ಗೌನಿಗೆ ಮಾಡಿ ತೋರಿಸಿದವರು ಆಕೆ. ಹನ್ನೊಂದು ಹನ್ನೆರಡು ವರ್ಷಕ್ಕೇ ಹೊಲಿಗೆ ಕೆಲಸಕ್ಕೆ ಸೇರಿದ ಬಡವರ ಮಗಳು. 1912ರಲ್ಲಿ ಸ್ವಂತ ಅಂಗಡಿ ತೆರೆದು, 1939ರವರೆಗೆ ನಡೆಸಿದರು. ತನ್ನ ಡಿಸೈನ್ ಕದಿಯಬಾರದು ಅಂತ 1920ರ ದಶಕದಲ್ಲಿ ಬಟ್ಟೆಯ ಒಳಗಿನ ಪಟ್ಟಿಗೆ ಸಹಿ ಜೊತೆ ಹೆಬ್ಬೆಟ್ಟು ಒತ್ತುತ್ತಿದ್ದರು.

ಹೆಬ್ಬೆಟ್ಟು! ನಮ್ಮಲ್ಲಿ "ಹೆಬ್ಬೆಟ್ಟಿನವನು" ಅಂದರೆ ಬೈಗುಳ. ಅಲ್ಲಿ ಅದು ಲಕ್ಷ ಲಕ್ಷ ಬೆಲೆಯ ಗೌನು ಅಸಲಿ ಅನ್ನೋಕೆ ಪುರಾವೆ.

ಅದೇ ವಿಯೊನೆ ತನ್ನ ಕೆಲಸಗಾರರಿಗೆ ಸಂಬಳ ಸಮೇತ ರಜೆ, ಬಾಣಂತಿಯರಿಗೆ ಸವಲತ್ತು, ಒಳಗೇ ಊಟದ ಮನೆ, ಡಾಕ್ಟರು, ಹಲ್ಲಿನ ಡಾಕ್ಟರು ಎಲ್ಲಾ ಇಟ್ಟಿದ್ದರು. ಕಾನೂನು ಹೇಳೋಕೂ ಮುಂಚೆ. ಸೂಜಿ ಹಿಡಿದು ಬೆನ್ನು ನೋಯಿಸಿಕೊಂಡವರಿಗೆ ಬೆನ್ನು ನೋವು ಗೊತ್ತಿರುತ್ತೆ ಅಂತ ಕಾಣುತ್ತೆ.

ಹಾಗಂತ ಪ್ಯಾರಿಸ್ ಪುಣ್ಯಭೂಮಿ, ಮಂಡ್ಯ ಪಾಪಿಗಳ ಊರು ಅಂತ ನಾನು ಹೇಳುತ್ತಿಲ್ಲ. ಹದಿನೈದು ಇಪ್ಪತ್ತು ಜನರ ಆ ಲೆಕ್ಕದಲ್ಲಿ ಪ್ಯಾರಿಸ್ಸಿನ ಕೋಣೆಯೊಳಗೆ ಕೂತವರು ಮಾತ್ರ ಬರುತ್ತಾರೆ. ಆ ದೊಡ್ಡ ಬ್ರ್ಯಾಂಡುಗಳ ಮಣಿ ಕೆಲಸ, ಜರ್ದೋಸಿ ಕೆಲಸ ಎಷ್ಟೋ ವರ್ಷದಿಂದ ಮುಂಬೈನ ಸಣ್ಣ ಸಣ್ಣ ಕೋಣೆಗಳಲ್ಲಿ ನಡೆಯುತ್ತಿದೆ. ಅಲ್ಲಿನ ಕಸೂತಿಯವರ ಸ್ಥಿತಿ ಹೇಗಿದೆ ಅಂತ 2020ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಉದ್ದದ ವರದಿ ಮಾಡಿತ್ತು. ಮೂರು ವರ್ಷ ಆದ ಮೇಲೆ, 2023ರ ಮಾರ್ಚ್ 30ರಂದು, ಡಿಯೋರ್ ಕಂಪನಿ ಮುಂಬೈನ ಗೇಟ್‌ವೇ ಆಫ್ ಇಂಡಿಯಾ ಮುಂದೆಯೇ ಫ್ಯಾಷನ್ ಶೋ ಮಾಡಿ, ತಾನು ಕೆಲಸ ಮಾಡಿಸುವ ಚಾಣಕ್ಯ ಎಂಬ ಕಸೂತಿ ಸಂಸ್ಥೆಯ ಹೆಸರನ್ನು ಬಹಿರಂಗವಾಗಿ ಹೇಳಿತು. ಅದೂ ಅಪ್ಪ ಕಟ್ಟಿ ಮಗಳು ನಡೆಸುತ್ತಿರುವ ಕುಟುಂಬದ ಸಂಸ್ಥೆಯೇ. ಹೆಸರು ಪ್ಯಾರಿಸ್ಸಿನಿಂದ ಮುಂಬೈವರೆಗೆ ಬಂದಿದೆ, ಒಳ್ಳೆಯದು. ಫ್ರೇಮಿನ ಮುಂದೆ ಕೂತವರ ತನಕ ಬರೋದು ಇನ್ನೂ ಬಾಕಿ.

ಪ್ಯಾರಿಸ್ಸಿನವರಿಗೂ ಯಾರೂ ದಾನ ಕೊಟ್ಟಿಲ್ಲ. 1917ರ ಮೇ ತಿಂಗಳಲ್ಲಿ, ಮೊದಲ ಮಹಾಯುದ್ಧದ ಮಧ್ಯೆ, ಜೆನ್ನಿ ಎಂಬ ದೊಡ್ಡ ಅಂಗಡಿಯವರು "ಶನಿವಾರ ಮಧ್ಯಾಹ್ನ ಕೆಲಸ ಇಲ್ಲ, ಸಂಬಳವೂ ಇಲ್ಲ" ಅಂದರು. ಹೊಲಿಗೆ ಹುಡುಗಿಯರು ಎದ್ದು ಬೀದಿಗೆ ಬಂದರು. ಕೆಲವೇ ದಿನದಲ್ಲಿ ಬೇರೆ ಅಂಗಡಿಗಳ ಸಾವಿರಾರು ಹೆಂಗಸರು ಸೇರಿಕೊಂಡರು. ಮುಂದಿನ ತಿಂಗಳೇ, ಜೂನ್‌ನಲ್ಲಿ, ಅವರ ಕಸುಬಿಗೆ ಶನಿವಾರದ ಅರ್ಧ ದಿನ ರಜೆಯನ್ನು ಕಾನೂನು ಮಾಡಬೇಕಾಯ್ತು.

ನಮ್ಮವರೂ ಕಡಿಮೆ ಇಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮ ಬದಲಿಸಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದರು, ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ನಮ್ಮ ಜಿಲ್ಲೆಯಲ್ಲೇ 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಘಟಕ ಮುಚ್ಚಲು ಹೊರಟಾಗ ಸಾವಿರಕ್ಕೂ ಹೆಚ್ಚು ಜನರ ಕೆಲಸಕ್ಕೆ ಕುತ್ತು ಬಂತು. ಆರ್ಡರ್ ಇಲ್ಲ ಅಂತ ಕಂಪನಿ ಹೇಳಿತು. ಕೊರೊನಾ ಕಾಲದಲ್ಲೂ ಹೆಣ್ಣುಮಕ್ಕಳು ವಾರಗಟ್ಟಲೆ ಫ್ಯಾಕ್ಟರಿ ಮುಂದೆ ಕೂತರು, ಅವರು ಹೊಲಿಯುತ್ತಿದ್ದ ಎಚ್ ಅಂಡ್ ಎಂ ಎಂಬ ವಿದೇಶಿ ಬ್ರ್ಯಾಂಡಿನ ತನಕ ಸುದ್ದಿ ಹೋಯಿತು. ಅವರು ಹಾಗೆ ಕೂರೋಕೆ ಸಾಧ್ಯವಾದದ್ದು ಯಾಕೆ? ಕೈಯಲ್ಲಿ ಐಡಿ ಕಾರ್ಡ್ ಇತ್ತು, ಪಿಎಫ್ ನಂಬರ್ ಇತ್ತು, ಹಾಜರಿ ಇತ್ತು. ನಾನು ಇಲ್ಲಿ ಕೆಲಸ ಮಾಡಿದೆ ಅಂತ ಹೇಳೋಕೆ ಕಾಗದ ಇತ್ತು.

ಅಕ್ಕ ಎಲ್ಲಿ ಹೋಗಿ ಕೂರಬೇಕು? ಆ ಗೌನಿಗೆ ಹದಿಮೂರು ದಿನ ಕೊಟ್ಟೆ ಅನ್ನೋದಕ್ಕೆ ಅವರ ಹತ್ತಿರ ಇರೋದು ಬೆರಳ ತುದಿಯ ತೂತು ಮಾತ್ರ.

ಬೊಟಿಕ್ಕಿನವರ ಜೊತೆ ಮಾತಾಡಿದೆ. ಅವರೂ ಕೆಟ್ಟವರಲ್ಲ, ಕಾಫಿ ಕೊಟ್ಟರು. ಅಂಗಡಿ ಬಾಡಿಗೆ, ಸೂರತ್‌ನಿಂದ ತರೋ ಬಟ್ಟೆ ಕಾಸು, ಕ್ಯಾನ್ ಕ್ಯಾನ್, ಲೈನಿಂಗ್, ಒಳಗೆ ಕೂತ ಮಾಸ್ಟರಿಗೆ ಸಂಬಳ, ಬ್ಯಾಂಕ್ ಕಂತು. ಮದುವೆ ಮುಗಿದ ಮೇಲೆ ಬಾಕಿ ಕೊಡದೆ ಫೋನ್ ಎತ್ತದ ಗಿರಾಕಿಗಳು. ಇದೆಲ್ಲ ನಿಜ, ಒಪ್ಪುತ್ತೀನಿ. ಆದರೆ ಅವರು ಹೇಳಿದ ಉಳಿದ ಮೂರು ಮಾತು ಒಪ್ಪಲ್ಲ.

ಒಂದು, "ಅದು ಮನೇಲಿ ಬಿಡುವಿನ ಹೊತ್ತಲ್ಲಿ ಮಾಡೋ ಕೆಲಸ." ಬಿಡುವು ಅಂತೆ! ಬೆಳಿಗ್ಗೆ ಹಸು ಕರೆದು ಡೈರಿಗೆ ಹಾಲು ಹಾಕಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಗಂಡನಿಗೆ ಬುತ್ತಿ ಕಟ್ಟಿ ಆದ ಮೇಲೆ ಹತ್ತೂವರೆಗೆ ಕೂತು ಮೂರಕ್ಕೆ ಏಳೋದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಮತ್ತೆ ಕೂರೋದು. ಗೌನು ಬಿಡುವಿಗೆ ಹಾಕಿಕೊಳ್ಳೋದಲ್ಲ, ಮುಹೂರ್ತಕ್ಕೆ ಡೇಟು ಇರುತ್ತೆ. ಡೇಟಿಗೆ ಸರಿಯಾಗಿ ಕೊಡಬೇಕಾದ ಕೆಲಸವನ್ನು ಬಿಡುವಿನ ಕೆಲಸ ಅಂತ ಯಾವ ಬಾಯಲ್ಲಿ ಹೇಳ್ತೀರಿ?

ಇನ್ನೊಂದು, "ರೇಟು ಜಾಸ್ತಿ ಕೇಳಿದರೆ ಮಿಷನ್ ವರ್ಕ್ ಮಾಡಿಸ್ತೀವಿ." ಮಾಡಿಸಿ. ಕಂಪ್ಯೂಟರ್ ಎಂಬ್ರಾಯ್ಡರಿ ಈಗ ಎಲ್ಲಾ ಕಡೆ ಇದೆ, ಅದರಲ್ಲಿ ತಪ್ಪಿಲ್ಲ. ಆದರೆ ಆಮೇಲೆ ಬಿಲ್ಲಿನಲ್ಲಿ "ಹ್ಯಾಂಡ್ ವರ್ಕ್" ಅಂತ ಬರೆದು ದುಡ್ಡು ತಗೋಬೇಡಿ. ಕೈಕೆಲಸ ಅಂತ ಹೇಳಿಯೇ ಜಾಸ್ತಿ ದುಡ್ಡು ತಗೋತೀರಿ, ಆ ಜಾಸ್ತಿ ದುಡ್ಡು ಕೈಗೆ ಸೇರಲ್ಲ.

ಕೊನೆಗೆ, ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಈ ಮಾತಿಗೆ: "ಅವರೆಲ್ಲ ನಮ್ಮ ಮನೆಯವರ ಥರ, ನಮ್ಮಲ್ಲಿ ಕಾಗದ ಪತ್ರ ಎಲ್ಲಾ ಇಲ್ಲ." ಇದನ್ನು ಅಕ್ಕನಿಗೆ ಹೇಳಿದೆ. ಸೂಜಿ ನಿಲ್ಲಿಸದೆ ಅಂದರು: "ಮನೆಯವ್ರಾ? ಹಂಗಾರೆ ಆಸ್ತಿಲಿ ಪಾಲ್ ಕೊಡಕ್ಕೇಳು." ವರ್ತ್‌ನ ಅಂಗಡಿ ಮಕ್ಕಳಿಗೆ ಹೋಯಿತು, ಪುಟ್ಟ ಕೈಗಳಿಗೆ ಹೋಗಲಿಲ್ಲ. ಕುಟುಂಬ ಅನ್ನೋ ಮಾತು ಲಾಭ ಹಂಚುವಾಗ ಚಿಕ್ಕದಾಗುತ್ತೆ, ಕೂಲಿ ಕೊಡುವಾಗ ದೊಡ್ಡದಾಗುತ್ತೆ. ನಮ್ಮ ಕಡೆ ಗಾಣದ ಮನೆ, ಆಲೆಮನೆ, ರೇಷ್ಮೆ ತೆಗೆಯೋ ಚರಕದ ಮನೆ, ಎಲ್ಲಾ ಕಡೆ ಕೇಳಿದ ಹಳೇ ಹಾಡು ಇದು. ಹಬ್ಬಕ್ಕೆ ಸೀರೆ ಕೊಡ್ತಾರೆ, ವರ್ಷಕ್ಕೆ ಕೂಲಿ ಏರಿಸಲ್ಲ.

ಕಾನೂನು ಏನೂ ಇಲ್ಲ ಅಂದುಕೊಳ್ಳಬೇಡಿ. ಸಾಮಾನು ಕೊಟ್ಟು ಮನೆಯಲ್ಲೇ ಕೆಲಸ ಮಾಡಿಸಿಕೊಂಡರೂ ಮಾಡಿದವರು ಕೆಲಸಗಾರರೇ ಅಂತ 1948ರ ಕನಿಷ್ಠ ವೇತನ ಕಾಯ್ದೆಯ ವ್ಯಾಖ್ಯಾನದಲ್ಲೇ ಬರೆದಿತ್ತು, ಪೀಸ್ ರೇಟಿಗೂ ಕನಿಷ್ಠ ಕೂಲಿ ನಿಗದಿ ಮಾಡೋಕೆ ಅದರಲ್ಲಿ ಅವಕಾಶ ಇತ್ತು. ಮನೆಗೆಲಸ ಬೇರೆ, ಮನೆಯಿಂದ ಮಾಡೋ ಕೆಲಸ ಬೇರೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಒಂದು ಒಪ್ಪಂದ ಮಾಡಿತು, ಭಾರತ ಅದಕ್ಕೆ ಒಪ್ಪಿಗೆಯ ಮುದ್ರೆ ಹಾಕಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, 15,000 ರೂಪಾಯಿವರೆಗೆ ಸಲಕರಣೆಗೆ ಕೊಡುತ್ತಾರೆ, ಆದರೆ ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಅಲ್ಲೂ ಕುಟುಂಬ! ಗಂಡ ಅರ್ಜಿ ಹಾಕಿದ್ದರೆ ಹೆಂಡತಿಯ ಸೂಜಿ ಲೆಕ್ಕಕ್ಕಿಲ್ಲ.

ಆದರೆ ಕಾನೂನಿಗಿಂತ ಮೊದಲು ಚೀಟಿ. ಮಂಡ್ಯ ಜಿಲ್ಲೆಯವರಿಗೆ ಚೀಟಿಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಡೈರಿಗೆ ಅರ್ಧ ಲೀಟರ್ ಹಾಲು ಹಾಕಿದರೂ ಫ್ಯಾಟು, ಎಸ್‌ಎನ್‌ಎಫ್ಪು, ರೇಟು ಬರೆದು ಚೀಟಿ ಬರುತ್ತೆ. ಕಬ್ಬಿನ ಗಾಡಿ ತೂಕಕ್ಕೆ ನಿಂತರೆ ತೂಕದ ಚೀಟಿ ಇಲ್ಲದೆ ಯಾರೂ ಜಾಗ ಬಿಡಲ್ಲ. ಚೀಟಿಯಲ್ಲಿ ಐದು ಕೇಜಿ ಹೆಚ್ಚು ಕಡಿಮೆ ಆದರೆ ರಸ್ತೆ ತಡೆ ಮಾಡಿದ ಜಿಲ್ಲೆ ಇದು. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದರೂ ತೂಕ, ಹರಾಜಿನ ರೇಟು ಬರೆದು ಕೊಡುತ್ತಾರೆ. ನರೇಗಾದಲ್ಲಿ ಮಣ್ಣು ಹೊತ್ತವರ ಹೆಸರು ಎನ್‌ಎಂಆರ್‌ನಲ್ಲಿ ಇರುತ್ತೆ. ಹಾಲಿಗೆ ಚೀಟಿ, ಕಬ್ಬಿಗೆ ಚೀಟಿ, ಗೂಡಿಗೆ ಚೀಟಿ. ಹೆಣ್ಣುಮಕ್ಕಳ ಸೂಜಿಗೆ ಮಾತ್ರ "ನೋಡೋಣ ಕಣಮ್ಮ."

ನಾನು ಕೇಳುತ್ತಿರೋದು ದೊಡ್ಡದಲ್ಲ. ಬಟ್ಟೆ ಕೊಡುವಾಗಲೇ ಒಂದು ಚೀಟಿ: ಕೊಟ್ಟ ದಿನ, ಬೇಕಾದ ದಿನ, ಒಪ್ಪಿದ ರೇಟು, ಕೊಟ್ಟ ಮುಂಗಡ, ಮಾಡುವವರ ಹೆಸರು. ರೇಟು ದಿನದ ಲೆಕ್ಕದಲ್ಲಿ ನರೇಗಾಗಿಂತ ಕಡಿಮೆ ಇರಬಾರದು. ಡಿಸೈನ್ ತಿದ್ದಿದರೆ ಅದಕ್ಕೆ ಬೇರೆ.

ಇನ್ನು ಗಿರಾಕಿಗಳು, ಅಂದರೆ ನೀವು, ನಾವು. 38,000 ಕೊಟ್ಟ ಆ ಅಪ್ಪ ರೇಷ್ಮೆ ಬೆಳೆಗಾರ. ಗೂಡಿಗೆ ಕೇಜಿಗೆ ಹತ್ತು ರೂಪಾಯಿ ಕಡಿಮೆ ಕೂಗಿದರೆ ಹರಾಜೇ ಬೇಡ ಅಂತ ಎದ್ದು ಬರುವವರು. ಅವರಿಗೆ ಅಕ್ಕನ ಲೆಕ್ಕ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನಂಗೇನ್ ಗೊತ್ತಪ್ಪ, ನಾನು ಅಂಗಡಿಯೋರ್ಗೆ ಕೊಟ್ಟೆ" ಅಂದರು. ಸುಳ್ಳಲ್ಲ. ಬೊಟಿಕ್ಕಿನಲ್ಲಿ ಎಸಿ ಕೆಳಗೆ ಕೂತಾಗ ಯಾರೂ ಚೌಕಾಸಿ ಮಾಡಲ್ಲ, ಬೆಲೆ ಕೇಳಿದರೆ ಮರ್ಯಾದೆ ಹೋಗುತ್ತೆ ಅನ್ನೋ ಭಯ. ಅದೇ ಜನ ಊರಲ್ಲಿ ಸೀರೆ ಕುಚ್ಚು ಕಟ್ಟೋ ಹುಡುಗಿ ಹತ್ತಿರ ಐವತ್ತು ರೂಪಾಯಿಗೆ ಅರ್ಧ ಗಂಟೆ ನಿಂತು ಜಗಳ ಆಡ್ತಾರೆ. ನಮ್ಮ ಮನೆಯಲ್ಲೂ ಆಡಿದ್ದಾರೆ, ನಾನು ಸುಮ್ಮನೆ ಕೇಳಿಸಿಕೊಂಡು ಕೂತಿದ್ದೇನೆ. ಮುಂದಿನ ಸಲ ಬೊಟಿಕ್ಕಿನಲ್ಲಿ ಒಂದೇ ಒಂದು ಮಾತು ಕೇಳಿ: ಇದನ್ನು ಮಾಡಿದವರು ಯಾರು, ಎಷ್ಟು ದಿನ ಹಿಡಿಯಿತು? ಉತ್ತರ ಬರದಿದ್ದರೆ ಬೋರ್ಡಿನ ಮೇಲಿನ ಆ ಫ್ರೆಂಚ್ ಮಾತನ್ನು ತೋರಿಸಿ.

ನನ್ನ ಹತ್ತಿರ ಇದ್ದ ಒಂದು ಸ್ಪೈರಲ್ ಪ್ಯಾಡನ್ನು ಅಕ್ಕನಿಗೆ ಕೊಟ್ಟು ಬಂದಿದ್ದೆ, ಗಂಟೆ ಬರೆದಿಡಿ ಅಂತ. ಮುಂದಿನ ವಾರ ಹೋದಾಗ ಪೆನ್ಸಿಲ್ಲಿನಲ್ಲಿ ಬರೆದಿದ್ದರು: ಯಾರ ಬ್ಲೌಸು, ಯಾವ ದಿನ, ಎಷ್ಟರಿಂದ ಎಷ್ಟರವರೆಗೆ. ಪಕ್ಕದ ಬೀದಿಯಲ್ಲಿ ಇದೇ ಕೆಲಸ ಮಾಡೋ ಇನ್ನಿಬ್ಬರು ಅದನ್ನು ನೋಡಿಕೊಂಡು ಹೋಗಿ ಮಗ್ಗಿ ಪುಸ್ತಕದ ಹಿಂದೆ ಬರೆಯೋಕೆ ಶುರು ಮಾಡಿದ್ದಾರಂತೆ.

ಈಗ ಮಳವಳ್ಳಿ ಕಡೆಯ ಒಂದು ಮದುವೆಗೆ ಮತ್ತೊಂದು ಗೌನು ಬಂದಿದೆ, ತಿಳಿ ಹಸಿರು. ಅಕ್ಕ ಫೋನಿನಲ್ಲಿ ದಿನಕ್ಕೆ 400, ಜೊತೆಗೆ ಚೀಟಿ ಅಂತ ಕೇಳಿದರು. ಆ ಕಡೆಯಿಂದ "ಹೇಳ್ತೀನಿ" ಅಂತ ಫೋನ್ ಇಟ್ಟರು. ಎರಡು ದಿನ ಬಿಟ್ಟು ಆಟೋದಲ್ಲಿ ಬಟ್ಟೆ, ಮಣಿ, ಟ್ರೇಸಿಂಗ್ ಪೇಪರ್ ಬಂತು. ಚೀಟಿ ಬಂದಿಲ್ಲ. ಅಕ್ಕ ಇನ್ನೂ ಫ್ರೇಮಿಗೆ ಕಟ್ಟಿಲ್ಲ, ಪ್ಲಾಸ್ಟಿಕ್ ಕವರಿನಲ್ಲೇ ಬೀರು ಮೇಲೆ ಇಟ್ಟಿದ್ದಾರೆ. ಮದುವೆಗೆ ಇಪ್ಪತ್ತೆರಡು ದಿನ ಇದೆ.